ಇನ್ನೂ ಮದ್ದಾಗದ ಮದ್ದು

ತೋಡಾರು, ಮೂಡಬಿದ್ರೆ
ನವೆಂಬರ್ ೧೭, ೨೦೨೪, ಆದಿತ್ಯವಾರ

ಪ್ರೀತಿಯ ಮಗ ಶಿಶಿರನಿಗೆ,

ಹೇಗಿದ್ದೀಯಪ್ಪ? ಹೋದ ಸಲ ಫೋನಿನಲ್ಲಿ ಮುಖ ಕಂಡಾಗ ನಿನ್ನ ಬಲಗೈಗೆ ಬಟ್ಟೆ ಸುತ್ತಿತ್ತು. ಏನೆಂದು ಕೇಳಿದ್ದಕ್ಕೆ ಎಣ್ಣೆ ಹಾರಿದ್ದು ಅಷ್ಟೇ ಎಂದು ಕೈಯನ್ನು ಹಿಂದಕ್ಕೆ ಇಟ್ಟುಕೊಂಡೆ. ಹಡಗು ತೂಗುವಾಗ ಬಾಣಲೆಯ ಹತ್ತಿರ ನಿಲ್ಲಬೇಡ ಎಂದು ತೋಡಾರಿನಲ್ಲಿ ಕುಳಿತು ಹೇಳುವುದು ಸುಲಭ, ಗೊತ್ತುಂಟು. ಆದರೂ ಹೇಳದೆ ಇರಲಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಪ್ಪತ್ತು ಜನರಿಗೆ ಬಡಿಸಿ ಕೊನೆಗೆ ತಾನು ಬಿಸ್ಕತ್ತು ತಿಂದು ಮಲಗುವುದು ನಿನ್ನ ಮಾವನ ಅಭ್ಯಾಸ. ಅದನ್ನು ನೀನು ಕಲಿಯಬೇಡ.

ಬಂಟ್ವಾಳದ ಶಮೀರ್ ಈ ವಾರ ಹೊರಟು ಡರ್ಬನ್ನಿನಲ್ಲಿ ನಿಮ್ಮ ಹಡಗು ಸೇರುತ್ತಾನಂತೆ. ಅವನ ಕೈಯಲ್ಲಿ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ಈಗಿನ ಕಾಲದಲ್ಲಿ ಕಾಗದ ಯಾಕೆ ಟೀಚರೇ ಎಂದು ಅವನು ನಕ್ಕ. ನಮ್ಮ ಮನೆಯ ಫೋನಿನ ಕಥೆ ಅವನಿಗೇನು ಗೊತ್ತು! ನಿನ್ನ ಕರೆ ಬಂತೆಂದರೆ ಮಾವ ಸ್ಪೀಕರ್ ಹಾಕಿಸುತ್ತಾರೆ. ನಾನು ಮೆಸೇಜು ಬರೆದರೆ ಕನ್ನಡಕ ಹುಡುಕಿ ತಂದು ಅದನ್ನೂ ಓದುತ್ತಾರೆ, ನಡುವೆ ಕಾಗುಣಿತ ಬೇರೆ ತಿದ್ದುತ್ತಾರೆ. ನಾರಾವಿ ಶಾಲೆಯಲ್ಲಿ ಅಷ್ಟು ವರ್ಷ ಮಕ್ಕಳ ಕಾಗುಣಿತ ತಿದ್ದಿದವಳಿಗೆ ಈ ಗತಿ. ಆ ಮನುಷ್ಯನ ಸಂಗತಿಯನ್ನು ಆ ಮನುಷ್ಯನ ಎದುರೇ ಹೇಗೆ ಹೇಳುವುದು? ಅದಕ್ಕೇ ಅವರು ಮಲಗಿರುವ ಹೊತ್ತು ನೋಡಿ ಹಿತ್ತಲಿನ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನೀನು ಹೋದ ಮೇಲೆ ನಡೆದದ್ದನ್ನು ತುಂಡು ತುಂಡಾಗಿ ಹೇಳಿದ್ದೇವೆ, ಕೆಲವನ್ನು ಹೇಳಿಯೇ ಇಲ್ಲ. ಮೊದಲಿನಿಂದ ಬರೆಯುತ್ತೇನೆ. ಕೆಲಸದ ನಡುವೆ ಓದಬೇಡ, ಒಬ್ಬನೇ ಇರುವಾಗ ಓದು.

ಏಪ್ರಿಲ್‌ನಲ್ಲಿ ನೀನು ಹೊರಡುವಾಗ ಮಾವನ ಜಠರದ ಕ್ಯಾನ್ಸರಿಗೆ ಮೊದಲ ಕೀಮೋ ಆಗಿತ್ತಷ್ಟೆ. ಬಿ.ಸಿ.ರೋಡಿನ ಹೋಟೆಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅಡಿಗೆಯ ಲೋಕಯ್ಯನಿಗೆ ಕೊಟ್ಟು, ಎರಡು ಲುಂಗಿ, ಒಂದು ರೇಡಿಯೋ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ನಾಲ್ಕು ಸಲ ಕೀಮೋ ಕೊಟ್ಟು ಗಡ್ಡೆ ಕುಗ್ಗಿಸುವ, ಆಮೇಲೆ ಆಪರೇಷನ್ ಮಾಡುವ ಎಂದು ಮಂಗಳೂರಿನ ಡಾಕ್ಟರ್ ಸಬೀಹಾ ಹೇಳಿದ್ದು ನಿನಗೂ ಗೊತ್ತುಂಟು. ಇಂಥ ಹೊತ್ತಿನಲ್ಲಿ ಹಡಗಿಗೆ ಹೋಗುವುದಿಲ್ಲ ಎಂದು ನೀನು ಹಟ ಹಿಡಿದಾಗ ಮಾವ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ನೀನು ಇಲ್ಲಿ ಕೂತರೆ ಗಡ್ಡೆ ಹೆದರಿ ಓಡ್ತದಾ? ಹೋಗು ಮಾರಾಯ, ಅಲ್ಲಿ ಹಸಿದವರು ಇದ್ದಾರೆ." ನಿನ್ನ ಅಪ್ಪ ತೀರಿಕೊಂಡಾಗ ನೀನು ಎರಡನೆಯ ಕ್ಲಾಸು, ತಂಗಿ ನಿಖಿತಾಳಿಗೆ ಇನ್ನೂ ಮಾತು ಬರುತ್ತಿರಲಿಲ್ಲ. ಅವತ್ತಿನಿಂದ ಮದುವೆಯ ಮಾತೆತ್ತದೆ ನಮ್ಮ ಮೂವರನ್ನು ನೋಡಿಕೊಂಡವರು ನನ್ನ ಅಣ್ಣ. ನಿನ್ನ ಕೈಗೆ ಸೌಟು ಕೊಟ್ಟವರೂ ಅವರೇ. ಅವರು ಹೋಗು ಎಂದ ಮೇಲೆ ಇಲ್ಲ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

ಎರಡನೆಯ ಕೀಮೋ ಆಗಿ ಸ್ವಲ್ಪ ದಿನಕ್ಕೆ ಜ್ವರ ಬಂತು. ಎಂಥ ನಡುಕವೆಂದರೆ ಮಂಚದ ಕಾಲು ಗೋಡೆಗೆ ಬಡಿದು ಸದ್ದಾಗುತ್ತಿತ್ತು. ಕೀಮೋದ ಜ್ವರ ಎಂದುಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ರಕ್ತ ನೋಡಿದರೆ ಮಲೇರಿಯಾ. ಹೋದ ವರ್ಷ ಮಂಗಳೂರಿನಲ್ಲಿ ಕಟ್ಟುತ್ತಿದ್ದ ದೊಡ್ಡ ಕಟ್ಟಡವೊಂದರ ಕೆಲಸಗಾರರಿಗೆ ಅಡಿಗೆ ಮಾಡಿ ಹಾಕುವ ಗುತ್ತಿಗೆ ಹಿಡಿದು, ಮಳೆಗಾಲ ಪೂರ್ತಿ ಅಲ್ಲಿಯ ತಗಡಿನ ಶೆಡ್ಡಿನಲ್ಲಿ ಮಲಗಿದ್ದರಲ್ಲ, ಪಕ್ಕದಲ್ಲೇ ಲಿಫ್ಟಿಗೆಂದು ತೋಡಿದ ಗುಂಡಿಯಲ್ಲಿ ನೀರು ನಿಂತಿತ್ತಂತೆ. ಆವಾಗ ಕಚ್ಚಿದ ಸೊಳ್ಳೆಯ ಪ್ರಸಾದ. ಈ ಜಾತಿಯ ಮಲೇರಿಯಾ ಲಿವರಿನೊಳಗೆ ಸದ್ದಿಲ್ಲದೆ ಮಲಗಿದ್ದು ತಿಂಗಳುಗಳ ಮೇಲೆ ಏಳುತ್ತದಂತೆ. ಅಲ್ಲಿಯ ಡಾಕ್ಟರು ಎಲ್ಲರಿಗೂ ಕೊಡುವ ಮದ್ದನ್ನೇ ಕೊಟ್ಟರು. ಮೊದಲು ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುವ ಗುಳಿಗೆ. ಅದರೊಟ್ಟಿಗೆ ಲಿವರಿನಲ್ಲಿ ಅಡಗಿದ್ದನ್ನು ಕೊಲ್ಲಲು ಪ್ರೈಮಾಕ್ವಿನ್ ಎಂಬ ಇನ್ನೊಂದು, ಅದು ಎರಡು ವಾರದ್ದು. ಆ ಎರಡನೆಯ ಗುಳಿಗೆ ಶುರುವಾಗಿ ಮೂರು ದಿನಕ್ಕೆ ಮಾವ ಬಚ್ಚಲಿನಿಂದ ನನ್ನನ್ನು ಕರೆದರು. ಮೂತ್ರ ಕಪ್ಪು ಚಹಾದ ಹಾಗೆ ಇತ್ತು. ಗೋಡೆ ಹಿಡಿದು ನಿಂತಿದ್ದರು, ಕಣ್ಣೆಲ್ಲ ಹಳದಿ. ಹಾಗೆಯೇ ಕುಸಿದರು. ನಾನು, ನಿಖಿತಾ ಸೇರಿ ಎತ್ತಲಾಗದೆ ಎದುರು ಮನೆಯವರನ್ನು ಕೂಗಿದೆವು.

ಮಂಗಳೂರಿನಲ್ಲಿ ರಕ್ತ ಕೊಟ್ಟು ಉಳಿಸಿಕೊಂಡರು. ಆಗ ಗೊತ್ತಾಯಿತು, ಅವರ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕೊರತೆ ಉಂಟೆಂದು. ಜಿ ಸಿಕ್ಸ್ ಪಿ ಡಿ ಎಂದು ಅದರ ಹೆಸರು. ಕೆಂಪು ರಕ್ತಕಣಗಳನ್ನು ಕಾಯುವ ವಸ್ತು ಅದು. ಅದು ಕಡಿಮೆ ಇದ್ದವರಿಗೆ ಜೀವಮಾನವಿಡೀ ಏನೂ ಗೊತ್ತಾಗದೆ ಹೋಗಬಹುದು. ಆದರೆ ಪ್ರೈಮಾಕ್ವಿನ್ ಮೈಗೆ ಸೇರಿದರೆ ರಕ್ತಕಣಗಳು ಒಡೆದು ಹೋಗುತ್ತವೆ. ಅಂದರೆ ಮಗಾ, ಮಲೇರಿಯಾವನ್ನು ಬುಡದಿಂದ ಕೀಳುವ ಮದ್ದು ನಿನ್ನ ಮಾವನಿಗೆ ವಿಷ. ಬೇರೆಯವರಿಗಾದರೆ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಟ್ಟು ನೋಡುವುದುಂಟಂತೆ. ಇವರ ಹೊಟ್ಟೆಯ ಹುಣ್ಣಿನಿಂದ ರಕ್ತ ಮೊದಲೇ ಒಸರುತ್ತಿರುವುದರಿಂದ ಆ ಧೈರ್ಯ ಮಾಡಲಾಗದು ಎಂದರು ಡಾಕ್ಟರ್ ಸಬೀಹಾ. ಹೀಗಾಗಿ ಜ್ವರ ಬಂದಾಗ ಇಳಿಸುವುದು, ಮತ್ತೆ ಬರುವವರೆಗೆ ಕಾಯುವುದು, ಇಷ್ಟೇ ದಾರಿ. ಜ್ವರ ಇಳಿದು ರಕ್ತ ಏರುವವರೆಗೆ ಕೀಮೋ ಇಲ್ಲ. ಕೀಮೋ ಇಲ್ಲದಷ್ಟು ದಿನ ಗಡ್ಡೆಗೆ ಹಬ್ಬ. ಮೂರನೆಯ ಕೀಮೋ ಮುಂದೆ ಹೋಯಿತು, ಕೊಟ್ಟರು. ನಾಲ್ಕನೆಯದಕ್ಕೆ ಹೊರಟು ನಿಂತ ಬೆಳಿಗ್ಗೆ ಮತ್ತೆ ನಡುಕ. ಅಂಗಿಯ ಗುಂಡಿ ಹಾಕುತ್ತಿದ್ದವರು ಹಾಗೆಯೇ ಮಂಚದ ಮೇಲೆ ಕುಳಿತು, "ಬಂತು, ಕಾಂತಿ" ಎಂದು ನನ್ನನ್ನು ಕರೆದು ಹೇಳಿದರು. ಕರೆಯದೆ ಬರುವ ನೆಂಟನ ಸುದ್ದಿ ಹೇಳುವಂತೆ.

ನಿಖಿತಾ ಆ ಸುದ್ದಿ ತಂದದ್ದು ಇದರ ನಂತರದ ದಿನಗಳಲ್ಲಿ. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಅಡಿಗೆಮನೆಗೆ ಬಂದಳು. ಅವಳ ಮುಖ ನೋಡಿ ಕೆಲಸ ಕಾಯಂ ಆಯಿತೇನೋ ಎಂದುಕೊಂಡೆ. ಫಾರ್ಮಸಿ ಮಕ್ಕಳಿಗೆ ಪಾಠ ಮಾಡಲು ಏನೋ ಓದುತ್ತಿದ್ದಾಗ ಸಿಕ್ಕಿತಂತೆ. ಹೊರದೇಶದ ಒಂದು ಪ್ರಯೋಗಾಲಯದವರು ವಿಟಮಿನ್ ಇ ಯಿಂದ ಕೆಲವು ಹೊಸ ವಸ್ತುಗಳನ್ನು ತಯಾರಿಸಿದ್ದಾರೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಲೇರಿಯಾದ ರೋಗಾಣುವಿನ ಮೇಲೆ ಅದನ್ನು ಹಾಕಿದರೆ ರೋಗಾಣು ಸಾಯುತ್ತದೆ. ಕ್ಯಾನ್ಸರಿನ ಜೀವಕೋಶಗಳ ಮೇಲೆ ಹಾಕಿದರೆ ಅವೂ ಸಾಯುತ್ತವೆ. ನಾನು ಒಗ್ಗರಣೆಯ ಒಲೆ ಆರಿಸಿ ಇನ್ನೊಮ್ಮೆ ಹೇಳಿಸಿಕೊಂಡೆ. ಎರಡಕ್ಕೂ ಒಂದೇ ಮದ್ದು! ಇಡೀ ಲೋಕದಲ್ಲಿ ಅಂಥದ್ದು ಯಾರಿಗೆ ಬೇಕಾಗಿತ್ತು? ನಮ್ಮ ಒಳಕೋಣೆಯಲ್ಲಿ ಸೆಖೆಯ ನಡುವೆ ಎರಡು ಕಂಬಳಿ ಹೊದ್ದು ಮಲಗಿದವರಿಗಲ್ಲದೆ? ದೇವರು ತಡವಾಗಿಯಾದರೂ ಈ ಮನೆಯ ವಿಳಾಸ ಕೇಳಿಕೊಂಡು ಬಂದ ಎಂದು ಆ ಹೊತ್ತಿಗೆ ನನಗೆ ಅನಿಸಿದ್ದು ಸುಳ್ಳಲ್ಲ.

ಮಾವನಿಗೆ ಹೇಳಿದೆವು. ಮೊದಲು ನಕ್ಕರು. "ವಿಟಮಿನ್ ಇ ಅಂದ್ರೆ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವುದಲ್ಲವಾ ಮಾರಾಯ್ತಿ? ನನ್ನನ್ನು ಚಂದ ಮಾಡಿ ಕಳಿಸುವ ಅಂತ ಉಂಟಾ?" ಎಂದು ಕೇಳಿದರು. ನಿಖಿತಾ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ವಿಟಮಿನ್ ಇ ಯ ಅಣುವಿಗೆ ಒಂದು ತಲೆ, ಒಂದು ಉದ್ದ ಬಾಲ. ಅದರಲ್ಲಿ ಅಲ್ಲಲ್ಲಿ ಕಿತ್ತು ಬೇರೆ ಜೋಡಿಸಿದರೆ ಅದರ ಗುಣವೇ ಬೇರೆಯಾಗುತ್ತದೆ ಎಂದಳು. ಬಂಗುಡೆ ಮೀನಿನ ತಲೆಗೆ ಬೊಂಡಾಸಿನ ಬಾಲ ಕಟ್ಟಿದ ಹಾಗಾ ಎಂದರು ಮಾವ. ನಗುತ್ತಲೇ ಆ ಕಾಗದವನ್ನು ಕೈಯಿಂದ ಬಿಡಲಿಲ್ಲ. ಸಂಜೆ ನಾನು ಗಂಜಿ ತೆಗೆದುಕೊಂಡು ಹೋದಾಗ ಅದನ್ನೇ ಹಿಡಿದು ನೋಡುತ್ತಿದ್ದರು. ಮರುದಿನ ನಿಖಿತಾಳನ್ನು ಕರೆದು, ಆ ಪ್ರಯೋಗಾಲಯದವರಿಗೆ ಒಂದು ಪತ್ರ ಬರೆ, ಇಲ್ಲಿ ಎರಡೂ ಕಾಯಿಲೆ ಒಟ್ಟಿಗೆ ಇರುವವ ಒಬ್ಬ ಇದ್ದಾನೆ, ಅವರಿಗೆ ಪರೀಕ್ಷೆಗೆ ಜನ ಬೇಕಾದರೆ ನಾನು ಆಗಬಹುದು ಎಂದು ಬರೆ ಎಂದರು. ಅವಳು ಮೇಲ್ ಕಳಿಸಿದಳು. ಅವತ್ತಿನಿಂದ ಅವಳು ಗೇಟು ತೆಗೆದ ಸದ್ದಾದರೆ ಸಾಕು, ಒಳಗಿನಿಂದ ಕೇಳುತ್ತಿದ್ದರು, "ಬಂತಾ?"

ಇಲ್ಲಿ ಲೋಕಯ್ಯನ ವಿಷಯ ಬರೆಯಬೇಕು. ಅವನು ವಾರಕ್ಕೊಮ್ಮೆ ಮಡಂತ್ಯಾರಿನಿಂದ ಬಸ್ಸು ಬದಲಿಸಿಕೊಂಡು ಧನಿಗಳನ್ನು ನೋಡಲು ಬರುತ್ತಾನೆ. ಮಾವನ ಹೋಟೆಲಿನ ಒಲೆಯ ಎದುರೇ ಮುದುಕನಾದವನು. ಮಾವನ ಬಾಯಿಂದ ವಿಟಮಿನ್ ಇ ಎಂಬ ಒಂದೇ ಶಬ್ದ ಅವನ ಕಿವಿಗೆ ಬಿತ್ತು. ಮುಂದಿನ ಸಲ ಬರುವಾಗ ಮೆಡಿಕಲ್ಲಿನಿಂದ ಹಸಿರು ಗುಳಿಗೆಗಳನ್ನು ಪಟ್ಟಿ ಪಟ್ಟಿಯಾಗಿ ತಂದ. ಅಂಗಡಿಯದ್ದು ಬೇರೆ, ನಾನು ಹೇಳಿದ್ದು ಬೇರೆ ಎಂದು ನಿಖಿತಾ ಎಷ್ಟು ಬಿಡಿಸಿ ಹೇಳಿದರೂ ಇಬ್ಬರೂ ತಲೆಯಾಡಿಸಿದರೇ ಹೊರತು ಕೇಳಲಿಲ್ಲ. ಅವಳು ಕಾಲೇಜಿಗೆ ಹೋದ ಮೇಲೆ ಮಾವ ಗಂಜಿಯ ತಿಳಿಯಲ್ಲಿ ಎರಡೆರಡು ನುಂಗುತ್ತಿದ್ದರು. ನಾನು ಕಂಡೂ ಸುಮ್ಮನಿದ್ದೆ, ಯಾಕೆಂದರೆ ಆಗ ಜ್ವರ ಬರುವುದು ನಿಂತಿತ್ತು. ಒಂದು ತಿಂಗಳಿಗಿಂತ ಹೆಚ್ಚು ಬರಲಿಲ್ಲ. ನಾಲ್ಕನೆಯ ಕೀಮೋ ಕೂಡ ಆಯಿತು. ಒಂದು ದಿನ ಬಂಗುಡೆ ಪುಳಿಮುಂಚಿ ಮಾಡು ಎಂದರು. ಹೊಟ್ಟೆಯ ಭಾಗದ ಮೆತ್ತನೆಯ ತುಂಡು ತಿಂದು ಉಪ್ಪು ಸ್ವಲ್ಪ ಮುಂದೆ ಉಂಟು ಎಂದು ತಪ್ಪು ತೆಗೆದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಒಳಗೆ ಹೋಗಿ ಅತ್ತೆ. ಹೋಟೆಲಿನ ಬಾಗಿಲು ತೆರೆದು ಒಲೆ ಗುಡಿಸಿ ಬಾ, ದೀಪಾವಳಿ ಕಳೆದ ಮೇಲೆ ನೋಡುವ ಎಂದು ಲೋಕಯ್ಯನಿಗೆ ಹೇಳಿದರು. ಅವನು ಮರುದಿನವೇ ಗುಡಿಸಿ ಬಂದ. ಆ ದಿನಗಳಲ್ಲಿ ನೀನು ಫೋನು ಮಾಡಿದಾಗ ಮಾವ ಅಷ್ಟು ಹೊತ್ತು ಮಾತಾಡಿದ್ದು, ನಿನಗೆ ಕೋರಿ ರೊಟ್ಟಿಯ ಮಸಾಲೆ ಹೇಳಿಕೊಟ್ಟದ್ದು ನೆನಪುಂಟಲ್ಲ? ಅವರು ನಟಿಸಿದ್ದಲ್ಲ. ಆಗ ನಾವೆಲ್ಲ ನಿಜವಾಗಿ ನಂಬಿದ್ದೆವು.

ಡಾಕ್ಟರ್ ಸಬೀಹಾಗೆ ಆ ಗುಳಿಗೆಯ ವಿಷಯ ಹೇಳಿದ್ದು ನಿಖಿತಾ. ಪಟ್ಟಿಯ ಹೊದಿಕೆ ಅವಳಿಗೆ ದಿಂಬಿನ ಕೆಳಗೆ ಸಿಕ್ಕಿತ್ತು. ಡಾಕ್ಟರು ಬೈಯಲಿಲ್ಲ. ಹೊಸ ಪ್ರಯೋಗದ ವಿಷಯ ಪೂರ್ತಿ ಕೇಳಿಸಿಕೊಂಡು, ನಿಖಿತಾ ತಂದಿದ್ದ ಪ್ರತಿಯನ್ನೂ ಓದಿ ಹೇಳಿದರು: "ಇದು ಇನ್ನೂ ಮದ್ದಲ್ಲ ಟೀಚರ್. ಮುಂದೆ ಎಂದಾದರೂ ಮದ್ದಾಗಬಹುದಾದ ಒಂದು ವಸ್ತು, ಅಷ್ಟೆ." ಅಂಗಡಿಯ ವಿಟಮಿನ್ ಇ ಯಿಂದ ಮಲೇರಿಯಾ ಹೋಗುವುದಂತೂ ಇಲ್ಲ, ಅದರ ಕೊರತೆ ಇರುವ ಇಲಿಗಳಲ್ಲಿಯೇ ಮಲೇರಿಯಾದ ರೋಗಾಣು ಬೆಳೆಯಲು ಕಷ್ಟಪಡುತ್ತದೆ ಎಂದೂ ಹೇಳಿದರು. ಅಂದರೆ ನಾವು ಮಾವನಿಗೆ ಕೊಡುತ್ತಿದ್ದದ್ದು ಮಾವನಿಗೋ ಆ ರೋಗಾಣುವಿಗೋ, ಯಾರಿಗೆ ಗೊತ್ತು! ಮೇಲಾಗಿ ಅದನ್ನು ಹೆಚ್ಚು ತಿಂದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಹೊಟ್ಟೆಯಲ್ಲಿ ಒಸರುವ ಹುಣ್ಣು ಇರುವವರು ತಿನ್ನಲೇಬಾರದು, ಇವತ್ತೇ ನಿಲ್ಲಿಸಿ ಎಂದರು. ಜ್ವರ ನಿಂತದ್ದು ಗುಳಿಗೆಯಿಂದಲ್ಲ, ಅದು ಬಂದುಹೋಗುವ ರೀತಿಯೇ ಹಾಗೆ ಎಂದರು. ಮಾವ ಎಲ್ಲದಕ್ಕೂ ಹೂಂ ಎಂದು ಕುಳಿತಿದ್ದರು.

ಮುಂದಿನ ವಾರ ಲೋಕಯ್ಯ ಮತ್ತೆ ಪಟ್ಟಿಗಳನ್ನು ಹಿಡಿದುಕೊಂಡೇ ಬಂದ. ನಿಖಿತಾ ಮೆಲ್ಲಗೇ ಹೇಳಿದಳು, ಆದರೆ ಇಂಥ ಮಾತನ್ನು ಎಷ್ಟು ಮೆಲ್ಲಗೆ ಹೇಳಿದರೂ ಅದು ಕಲ್ಲಿನ ಹಾಗೆಯೇ ಬೀಳುತ್ತದೆ. ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ನಾನು ಧನಿಗಳಿಗೆ ವಿಷ ತಂದು ಕೊಟ್ಟೆನಾ ಟೀಚರೇ?" ಎಂದು ನನ್ನನ್ನು ಕೇಳಿದ. ಇಲ್ಲ, ಹಾಗಲ್ಲ ಎಂದೆ. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಒಳಗೆ ಬಾರದೆ ಹೋದ. ಎರಡು ವಾರ ಸುಳಿವಿಲ್ಲ. ಕೊನೆಗೆ ಮಾವನೇ ಫೋನು ಮಾಡಿಸಿ, "ಬಾ ಮಾರಾಯ. ಏನೂ ತರಬೇಡ, ಖಾಲಿ ಕೈಯಲ್ಲಿ ಬಾ" ಎಂದರು. ಬಂದ. ಈಗಲೂ ಬರುತ್ತಾನೆ. ಆದರೆ ಮೊದಲಿನ ಹಾಗೆ ಮಂಚದ ಹತ್ತಿರ ಕುಳಿತುಕೊಳ್ಳುವುದಿಲ್ಲ, ಬಾಗಿಲಲ್ಲಿ ನಿಂತು ಮಾತಾಡಿ ಹೋಗುತ್ತಾನೆ.

ಪ್ರಯೋಗಾಲಯದ ಉತ್ತರ ಬಂದದ್ದು ಅಕ್ಟೋಬರಿನಲ್ಲಿ. ನಾವು ಆಸೆ ಬಿಟ್ಟಿದ್ದೆವು. ಅಷ್ಟು ದೂರದವರು ಒಬ್ಬ ಹೋಟೆಲಿನವನ ಪತ್ರಕ್ಕೆ ಉತ್ತರ ಕೊಡುತ್ತಾರೆಯೇ? ಆದರೆ ಅಲ್ಲಿಯ ಒಬ್ಬರು, ಯಾರೋ ಹೆಣ್ಣುಮಗಳು, ಉದ್ದಕ್ಕೆ ಬರೆದಿದ್ದರು. ನಿಖಿತಾ ಮಾವನ ಪಕ್ಕ ಕುಳಿತು ಕನ್ನಡ ಮಾಡಿ ಓದತೊಡಗಿದಳು. ಸಂಶೋಧನೆ ಚೆನ್ನಾಗಿ ನಡೆಯುತ್ತಿದೆ, ನಿಮ್ಮ ಪತ್ರ ಓದಿ ಸಂತೋಷವಾಯಿತು, ಸ್ವಲ್ಪ ಸಮಯ ಹಿಡಿಯಬಹುದು ಎಂದೆಲ್ಲ. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೈ ಎತ್ತಿ ನಿಲ್ಲಿಸಿದರು. "ಮೀನು ಇಲ್ಲದ ದಿನ ಮೀನಿಲ್ಲ ಅಂತ ನಾನು ಹೋಟೆಲಿನ ಬೋರ್ಡಿನಲ್ಲಿ ಬರೆದು ಹಾಕ್ತಿದ್ದೆ. ಇಲ್ಲ ಅಂತ ಹೇಳುವುದರಲ್ಲಿ ನಾಚಿಕೆ ಎಂತದ್ದು? ಅವರು ಬರೆದ ಹಾಗೆಯೇ ಓದು ಮಗಾ." ನಿಖಿತಾ ನನ್ನ ಮುಖ ನೋಡಿದಳು. ಮತ್ತೆ ಮೊದಲಿನಿಂದ ಓದಿದಳು. ಆ ವಸ್ತುವನ್ನು ಈವರೆಗೆ ಯಾವ ಮನುಷ್ಯನಿಗೂ ಕೊಟ್ಟಿಲ್ಲ. ತಯಾರಾಗಿರುವುದು ಒಂದು ಚಿಟಿಕೆಯಷ್ಟೂ ಇಲ್ಲ. ತಟ್ಟೆಯಲ್ಲಿ ಕೆಲಸ ಮಾಡಿದ್ದು ಮೈಯೊಳಗೆ ಮಾಡದೆ ಇರಬಹುದು, ಹೆಚ್ಚಿನವು ಮಾಡುವುದಿಲ್ಲ. ಎಲ್ಲ ಸರಿಯಾದರೂ ಮದ್ದಾಗಿ ಬರಲು ಹತ್ತು ವರ್ಷವೋ ಹೆಚ್ಚೋ ಬೇಕು. ಕೊಡುವಂಥದ್ದು ನನ್ನ ಬಳಿ ಏನೂ ಇಲ್ಲ, ಕ್ಷಮಿಸಿ.

ಅವರಿಗೆ ಒಂದು ಉತ್ತರ ಬರೆಯಬೇಕು ಎಂದರು ಮಾವ. ಇಷ್ಟು ಕೆಲಸದ ನಡುವೆ ಬರೆದದ್ದಕ್ಕೆ ಉಪಕಾರ ಹೇಳು ಎಂದರು. ಮತ್ತೆ ಹೇಳಿದರು: "ಮದ್ದು ಆಗುವಾಗ ನನ್ನಂಥ ರಕ್ತದವರನ್ನು ಮರೀಬೇಡಿ ಅಂತ ಬರೆ. ಗಟ್ಟಿ ಇರುವವರಿಗೆ ಹೇಗೂ ಮದ್ದು ಉಂಟು." ನಿಖಿತಾ ಬರೆದು ಕಳಿಸಿದಳು. ಅವತ್ತಿನಿಂದ ಗೇಟಿನ ಸದ್ದಾದರೆ ಮಾವ ಏನನ್ನೂ ಕೇಳುವುದಿಲ್ಲ. ಆ ಚಿತ್ರ ಬರೆದ ಕಾಗದ ಎಲ್ಲಿ ಹೋಯಿತೆಂದು ನನಗೆ ಗೊತ್ತಿಲ್ಲ, ನಾನು ಹುಡುಕಲೂ ಇಲ್ಲ.

ಅದಾದ ವಾರದಲ್ಲೇ ಮಲೇರಿಯಾ ಮೂರನೆಯ ಸಲ ಬಂತು. ಈ ಸಲ ನಡುಗಲೂ ಮೈಯಲ್ಲಿ ಬಲವಿರಲಿಲ್ಲ. ಸುಮ್ಮನೆ ಹಲ್ಲು ಕಡಿಯುತ್ತ ಮಲಗಿದ್ದರು. ಜ್ವರ ಇಳಿದ ಮೇಲೆ, ಆಪರೇಷನ್ನಿಗೆ ಮೊದಲು ನೋಡುವ ಎಂದು ಸ್ಕ್ಯಾನ್ ಮಾಡಿಸಿದರು. ಲಿವರಿನಲ್ಲಿ ಗಡ್ಡೆಗಳು ಕಂಡವು. ಒಂದಲ್ಲ, ಅಲ್ಲಲ್ಲಿ ಹರಡಿಕೊಂಡಿವೆ. ಮಲೇರಿಯಾ ಅಡಗಿದ್ದ ಮನೆಗೇ ಇದೂ ಬಾಡಿಗೆಗೆ ಬಂತು ನೋಡು. ಡಾಕ್ಟರ್ ಸಬೀಹಾ ಮಾವನಿಗೆ ತುಳುವಿನಲ್ಲಿ ನಿಧಾನವಾಗಿ ಎಲ್ಲ ಹೇಳಿದರು. ಆಪರೇಷನ್ ಮಾಡುವ ಹಾಗಿಲ್ಲ, ಇನ್ನು ಕೀಮೋ ಕೊಟ್ಟರೆ ತೊಂದರೆ ಕೊಟ್ಟ ಹಾಗೆಯೇ, ನೋವಾಗದಂತೆ ನೋಡಿಕೊಳ್ಳುವ ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಮಾವ ಕೇಳಿದರು. ಹೊಸ ವರ್ಷದವರೆಗೆ ಹೇಳುವುದು ಕಷ್ಟ ಎಂದರು. ಹಿಂದೆ ಬರುವಾಗ ಕಾರು ಕೈಕಂಬ ದಾಟಿದ ಮೇಲೆ ಮಾವ ನಿಖಿತಾಳ ತಲೆಯ ಮೇಲೆ ಕೈಯಿಟ್ಟು ಹೇಳಿದರು, "ಒಂದು ಲೆಕ್ಕದಲ್ಲಿ ನನಗೆ ಮಕ್ಕಳಾಗದ್ದು ಒಳ್ಳೆಯದೇ ಆಯ್ತು. ಈ ಹಾಳು ರಕ್ತ ನನ್ನಲ್ಲಿಗೇ ಮುಗೀತು." ನಿಖಿತಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಈಗ ಮಾವ ಗಂಜಿಯ ತಿಳಿಯನ್ನೇ ಚಮಚದಲ್ಲಿ ಕುಡಿಯುತ್ತಾರೆ. ಅದೂ ಎಲ್ಲ ದಿನ ಇಳಿಯುವುದಿಲ್ಲ. ಒಗ್ಗರಣೆಯ ವಾಸನೆ ಆಗುವುದಿಲ್ಲವೆಂದು ನಾನು, ನಿಖಿತಾ ಹಿತ್ತಲಿನ ಒಲೆಯಲ್ಲಿ ಬೇಯಿಸಿಕೊಳ್ಳುತ್ತೇವೆ. ಅಷ್ಟು ವರ್ಷ ಊರಿಗೇ ಊಟ ಹಾಕಿದವರು ಇರುವ ಮನೆಯಲ್ಲಿ ನಾವು ಕದ್ದು ಉಣ್ಣುವಂತಾಗಿದೆ. ನೋವಿನ ಗುಳಿಗೆಯಿಂದ ಹೆಚ್ಚು ಹೊತ್ತು ಮಂಪರು. ಎಚ್ಚರವಿದ್ದಾಗ ಇವತ್ತು ಮಾರ್ಕೆಟಿನಲ್ಲಿ ಯಾವ ಮೀನು ಎಂದು ಕೇಳುತ್ತಾರೆ. ಬೂತಾಯಿ ಎಂದರೆ, ಈಗ ಬೂತಾಯಿಯಲ್ಲಿ ತುಪ್ಪ ಇರ್ತದೆ ಎನ್ನುತ್ತಾರೆ. ನೀನು ಫೋನು ಮಾಡಿದಾಗ ಮಾತ್ರ ಎದ್ದು ಕುಳಿತು, ಅಂಗಿ ಹಾಕಿಸಿಕೊಂಡು, ಆರಾಮ ಉಂಟು ಎನ್ನುತ್ತಾರೆ. ಆ ಆರಾಮವನ್ನು ನೀನು ನಂಬಬಾರದೆಂದು ಇಷ್ಟು ಬರೆದೆ. ಜನವರಿಯಲ್ಲಿ ನಿನ್ನ ಗುತ್ತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಅವರು ಇರುತ್ತಾರೆ ಎಂದು ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಈಗಲೇ ಬಾ ಎಂದೂ ಬರೆಯಲಾರೆ. ಡರ್ಬನ್ ಬಿಟ್ಟರೆ ನಿಮಗೆ ಪಶ್ಚಿಮ ಆಫ್ರಿಕಾದ ಬಂದರುಗಳು, ನಡುವೆ ಬರೀ ನೀರು ಎಂದು ನೀನೇ ಹೇಳಿದ್ದೆ. ಆಗುವುದಾದರೆ ನೋಡು. ಆಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ದಿನಕ್ಕೊಮ್ಮೆ ಅವರಿಗೆ ಸ್ವರ ಕೇಳಿಸು, ಏನು ಅಡಿಗೆ ಮಾಡಿದೆ ಎಂದು ಹೇಳು. ಅದೊಂದನ್ನು ಈಗಲೂ ಆಸೆಯಿಂದ ಕೇಳುತ್ತಾರೆ.

ನಿಖಿತಾ ನಿನ್ನನ್ನು ಕೇಳಿದ್ದಾಳೆ. ಅವಳು ತುಂಬ ಇಳಿದಿದ್ದಾಳೆ. ಸುದ್ದಿ ತಂದು ಆಸೆ ಹುಟ್ಟಿಸಿದ್ದು ತಾನೇ ಎಂದು ಒಳಗೊಳಗೇ ಕೊರಗುತ್ತಾಳೆ. ಅಣ್ಣನಾಗಿ ನೀನು ಎರಡು ಮಾತು ಹೇಳು, ನನ್ನ ಮಾತು ಅವಳಿಗೆ ಹತ್ತುವುದಿಲ್ಲ. ಲೋಕಯ್ಯ ನಿನಗೆ ನಮಸ್ಕಾರ ತಿಳಿಸಿದ್ದಾನೆ. ನೀರಿನ ಮೇಲಿರುವ ನನ್ನ ಮಗನನ್ನು ದೇವರು ಕಾಯಲಿ, ನಿನ್ನ ಕೈಯ ಅನ್ನ ಉಂಡವರ ಹರಕೆ ನಿನಗೆ ತಾಗಲಿ.

ನಿನ್ನ ಅಮ್ಮ,
ಕಾಂತಿ

ಲಕೋಟೆ ಅಂಟಿಸುವ ಮೊದಲು: ಶಮೀರ್ ಬಂದು ಗೇಟಿನಲ್ಲಿ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈ ಮಾತಿಗಾಗಿಯೇ ಕಾಗದ ಬರೆದದ್ದು. ಸ್ಕ್ಯಾನ್ ಆದ ದಿನ ಡಾಕ್ಟರ್ ಸಬೀಹಾ ನನ್ನನ್ನು ಹೊರಗೆ ಕರೆದು, "ನಿಮಗೆ ಗಂಡುಮಕ್ಕಳು ಇದ್ದಾರಾ ಟೀಚರ್?" ಎಂದು ಕೇಳಿದರು. ಮಾವನ ರಕ್ತದ ಕೊರತೆ ಗಂಡುಮಕ್ಕಳಿಗೆ ಬರುವುದು ತಾಯಿಯಿಂದ. ನಮ್ಮಲ್ಲಿ ಕುಲದ ಹೆಸರು, ಆ ಬರಿ, ತಾಯಿಯ ಕಡೆಯಿಂದ ಬರುವುದಿಲ್ಲವೇ, ಹಾಗೆಯೇ. ಮಾವನಿಗೆ ಅಜ್ಜಿಯಿಂದ ಬಂತು. ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ನನ್ನಲ್ಲೂ ಉಂಟು. ಹೆಂಗಸರಿಗೆ ಅಷ್ಟು ಬಾಧಿಸುವುದಿಲ್ಲವಂತೆ. ನಿನಗೆ ಬಂದಿರುವುದು, ಬಾರದಿರುವುದು ಸಮ ಸಮ. ಮಾವನ ಮತ್ತು ನನ್ನ ರಿಪೋರ್ಟಿನ ಪ್ರತಿ ಇದರೊಳಗೆ ಇಟ್ಟಿದ್ದೇನೆ. ಕಂಪೆನಿಯ ಡಾಕ್ಟರಿಗೆ ತೋರಿಸಿ, ಆಫ್ರಿಕಾದ ಬಂದರು ಮುಟ್ಟುವ ಮೊದಲು ರಕ್ತ ಪರೀಕ್ಷೆ ಮಾಡಿಸಿಕೋ. ಅಲ್ಲಿಯವರೆಗೆ ಯಾರು ಕೊಟ್ಟರೂ ಪ್ರೈಮಾಕ್ವಿನ್ ನುಂಗಬೇಡ. ಸೊಳ್ಳೆಪರದೆ ಬಿಟ್ಟು ಮಲಗಬೇಡ. ಫಲಿತಾಂಶವನ್ನು ನಿಖಿತಾಳ ಫೋನಿಗೆ ಮಾತ್ರ, ಅದೂ ಅವಳು ಕಾಲೇಜಿನಲ್ಲಿರುವ ಹೊತ್ತು ನೋಡಿ ಕಳಿಸು. ನಮ್ಮ ಫೋನಿನಲ್ಲಿ ಇದರ ಸುದ್ದಿ ಎತ್ತಲೇಬೇಡ. ಮಾವನಿಗೆ ಇದು ಗೊತ್ತಿಲ್ಲ. ತನ್ನಲ್ಲಿಗೇ ಮುಗಿಯಿತು ಎಂದುಕೊಂಡಿದ್ದಾರೆ. ಅವರಿಗೆ ಉಳಿದಿರುವ ಸಮಾಧಾನ ಅದೊಂದೇ, ಮಗಾ. ಅದನ್ನು ನಾವು ಕಿತ್ತುಕೊಳ್ಳುವುದು ಬೇಡ.